ಶೋಲಾ ಅಂದರೆ ಎಂಥ ಕಾಡು?

ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಕಳಸದ ಬಸ್ಸು ಹತ್ತಿ ಕುದುರೆಮುಖಕ್ಕೆ ಹೋಗಿಬರುವ ಬೆಂಗಳೂರಿನವರ ಫೋಟೋ ನೋಡಿರುತ್ತೀರಿ. ಗುಡ್ಡವೆಲ್ಲ ಹುಲ್ಲು, ಅದರ ಮಡಿಕೆಗಳಲ್ಲಿ ಮಾತ್ರ ಕಡುಹಸಿರು ಮರ. ಉಳಿದ ಮರಗಳನ್ನು ಯಾರು ಕಡಿದರೋ ಎಂದು ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಯಾರೂ ಕಡಿದಿಲ್ಲ. ಆ ಮಡಿಕೆಯ ಕಾಡೇ ಶೋಲಾ.

ಪಶ್ಚಿಮ ಘಟ್ಟದ ಎತ್ತರದ ಕಣಿವೆಗಳಲ್ಲಿ ಬೆಳೆಯುವ ಗಿಡ್ಡ ನಿತ್ಯಹಸಿರು ಕಾಡು ಇದು. ಮೊಣಕಾಲುದ್ದದ ಹುಲ್ಲಿನಲ್ಲಿ ಬಿಸಿಲಿಗೆ ನಡೆಯುತ್ತಿರುತ್ತೀರಿ. ನಾಲ್ಕು ಹೆಜ್ಜೆ ಒಳಗಿಟ್ಟರೆ ಕತ್ತಲು, ತಂಪು. ಮರಗಳ ಕಾಂಡ ಸೊಟ್ಟ, ತೊಗಟೆ ಕಾಣದಷ್ಟು ಪಾಚಿ, ಕೊಂಬೆ ಮೇಲೆ ಸೀತಾಳೆ. ಕಾಲಡಿ ಕೊಳೆತ ಎಲೆಯ ಮೆತ್ತೆ. ಮಳೆಗಾಲವಾದರೆ ಇಂಬಳ ಬಿಡ್ತಾವಾ?

ಮರ ಗುಡ್ಡದ ನೆತ್ತಿಗೆ ಯಾಕೆ ಹತ್ತುವುದಿಲ್ಲ? ಅಲ್ಲಿ ಮಣ್ಣು ತೆಳು, ಗಾಳಿ ಜಾಸ್ತಿ, ಬೇಸಿಗೆಯಲ್ಲಿ ಬೆಂಕಿ. ನೀಲಗಿರಿಯಂಥ ಇನ್ನೂ ಎತ್ತರದ ಕಡೆ ಚಳಿಗಾಲದ ಹಿಮವೇ ಎಳೆ ಸಸಿಯನ್ನು ಸುಟ್ಟುಹಾಕುತ್ತದೆ. ಕಣಿವೆಯಲ್ಲಿ ಮಣ್ಣು ಆಳ, ನೀರಿನ ಪಸೆ ಇದೆ, ಗಾಳಿಗೆ ಮರೆಯೂ ಇದೆ. ಹುಲ್ಲು ಈಚಿನದೂ ಅಲ್ಲ. ನೀಲಗಿರಿಯ ಜೌಗಿನಲ್ಲಿ ಸಿಕ್ಕ ಹಳೆಯ ಪರಾಗ ನೋಡಿದರೆ, ಅಲ್ಲಿ ಹುಲ್ಲುಗಾವಲು 20,000 ವರ್ಷಗಳ ಹಿಂದೆಯೂ ಇತ್ತು.

ಕುದುರೆಮುಖ ರಾಷ್ಟ್ರೀಯ ಉದ್ಯಾನವಾದದ್ದು 1987ರಲ್ಲಿ. ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರ್. ಇಲ್ಲಿ ಒಂದು ವರ್ಷ ಬೀಳುವ ಮಳೆ ಬೆಂಗಳೂರಿನ ಐದು ವರ್ಷದ ಮಳೆಗಿಂತ ಕಮ್ಮಿಯೇನಲ್ಲ. ಆ ನೀರನ್ನು ಹುಲ್ಲಿನ ಬೇರು ತಡೆದು ಮಣ್ಣಿಗಿಳಿಸುತ್ತದೆ, ಶೋಲಾ ಅದನ್ನು ನಿಧಾನವಾಗಿ ಹಳ್ಳಕ್ಕೆ ಬಿಡುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಇದೇ ಉದ್ಯಾನದ ಗುಡ್ಡಗಳಲ್ಲಿ. ಕಬ್ಬಿಣದ ಅದಿರಿಗಾಗಿ ಗುಡ್ಡ ಅಗೆಯುತ್ತಿದ್ದಾಗ ಹೂಳು ತುಂಬುತ್ತಿದ್ದದ್ದು ಭದ್ರೆಗೆ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ನಮ್ಮೂರಿನ ಉತ್ಸಾಹಿಗಳಿಗೆ ಬೋಳು ಗುಡ್ಡ ಕಂಡರೆ ಸಸಿ ನೆಡುವ ಆಸೆ. ಶೋಲಾ ಸೀಮೆಯಲ್ಲಿ ಅದು ಉಪಕಾರವಲ್ಲ, ಉಪದ್ರವ. ನೀಲಗಿರಿಯಲ್ಲಿ ಬ್ರಿಟಿಷರು ಆಸ್ಟ್ರೇಲಿಯಾದಿಂದ ವ್ಯಾಟಲ್ ಮರ ತಂದು ಹುಲ್ಲುಗಾವಲಿನಲ್ಲಿ ನೆಟ್ಟರು. ಅದು ತಾನೇ ಬೀಜ ಉದುರಿಸಿಕೊಂಡು ಹಬ್ಬಿ ಹುಲ್ಲನ್ನು ನುಂಗಿತು. ಈಗ ಅಲ್ಲಿ ಅರಣ್ಯ ಇಲಾಖೆಯೇ ದುಡ್ಡು ಸುರಿದು ಆ ಮರ ಕೀಳಿಸುತ್ತಿದೆ.