ಆರು ಗಂಟೆಯ ದೋಣಿ

ನವೆಂಬರ್ ಬಂತೆಂದರೆ ನನ್ನ ಫೋನಿಗೆ ಒಂದೇ ಬಗೆಯ ಕರೆ. ‘ಸರ್, ರವಿವಾರ ಕಾರವಾರಕ್ಕ ಹೊಂಟೀವಿ. ಮುಂಜಾನೆ ಆರಕ್ಕ ದೋಣಿ ಹೇಳಿಬಿಡ್ರಿ.’ ಯಾವ ರವಿವಾರ ಎಂದು ಕೇಳಿ ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತೇನೆ. ಅವತ್ತು ಹತ್ತಕ್ಕೆ ಹೋಗೋಣ ಅಂದರೆ ಆ ಕಡೆ ಸದ್ದೇ ಇಲ್ಲ. ಆಮೇಲೆ ಮೆಲ್ಲಗೆ, ‘ಹತ್ತಕ್ಕ ಪಕ್ಷಿ ಎಲ್ಲಿರ್ತಾವ್ರೀ?’

ಧಾರವಾಡದಿಂದ ಗುಂಪು ಕಟ್ಟಿಕೊಂಡು ಹೋಗಿ ಹಕ್ಕಿ ತೋರಿಸುವುದು ನನ್ನ ಕೆಲಸ. ಕಾಳಿ, ಅಘನಾಶಿನಿ ಹೊಳೆಗಳು ಸಮುದ್ರ ಸೇರುವ ಅಳಿವೆಗಳಿಗೆ ಜಾಸ್ತಿ, ಆಗೀಗ ಗೋವಾದ ಮಾಂಡೋವಿ, ಜುವಾರಿ ಹೊಳೆಗಳಿಗೆ. ಯಾವ ದುರ್ಬೀನು ಕೊಳ್ಳಬೇಕು, ಯಾವ ಬಣ್ಣದ ಅಂಗಿ ಹಾಕಬೇಕು ಅನ್ನುವುದನ್ನೆಲ್ಲ ಬೇರೆಯವರು ಬೇಕಾದಷ್ಟು ಹೇಳಿದ್ದಾರೆ. ನನ್ನ ತಕರಾರು ಈ ಆರು ಗಂಟೆಯ ಮೇಲೆ ಮಾತ್ರ.

ತಪ್ಪು ಪೂರ್ತಿ ಜನರದ್ದೂ ಅಲ್ಲ. ನಮ್ಮ ಕಡೆ ಹಕ್ಕಿ ನೋಡಲು ಕಲಿಯುವುದೇ ಕೆರೆ ದಂಡೆಯಲ್ಲಿ. ಕೆಲಗೇರಿ, ಉಣಕಲ್, ಮುಂಡಗೋಡ ಹತ್ತಿರದ ಅತ್ತಿವೇರಿ, ಚಳಿಗಾಲ ಬಂದರೆ ಶಿರಹಟ್ಟಿ ಕಡೆಯ ಮಾಗಡಿ ಕೆರೆ. ಅಲ್ಲೆಲ್ಲ ಸೂರ್ಯನದೇ ಕಾರುಬಾರು. ಮಾಗಡಿಯ ಪಟ್ಟೆತಲೆ ಹೆಬ್ಬಾತುಗಳು ಸಂಜೆ ಹೊಲಗಳಿಗೆ ಮೇಯಲು ಹೋಗಿ ಮುಂಜಾನೆ ಸಾಲು ಸಾಲಾಗಿ ಕೆರೆಗೆ ಇಳಿಯುವುದನ್ನು ನೋಡಬೇಕಾದರೆ ಬೆಳಕು ಹರಿಯುವ ಮೊದಲೇ ದಂಡೆ ಮೇಲಿರಬೇಕು, ಸರಿ. 2024ರಲ್ಲಿ ಮಾಗಡಿ ಕೆರೆಗೂ ಅಘನಾಶಿನಿ ಅಳಿವೆಗೂ ಒಟ್ಟಿಗೇ ರಾಮ್ಸರ್ ಪಟ್ಟ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲಗಳ ಪಟ್ಟಿಯಲ್ಲಿ ಜಾಗ, ಸಿಕ್ಕಿತು. ಪಟ್ಟ ಒಂದೇ, ಗಡಿಯಾರ ಬೇರೆ ಬೇರೆ. ಅಳಿವೆಯಲ್ಲಿ ಗಡಿಯಾರ ಇರುವುದು ಚಂದ್ರನ ಕೈಯಲ್ಲಿ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ದಿನಕ್ಕೆ ಎರಡು ಸಲ ಸಮುದ್ರದ ನೀರು ಅಳಿವೆಯೊಳಗೆ ಏರುತ್ತದೆ, ಎರಡು ಸಲ ಇಳಿಯುತ್ತದೆ. ಕರಾವಳಿಯವರು ಭರತ, ಇಳಿತ ಅನ್ನುತ್ತಾರೆ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡು ತಾಸು ಇಪ್ಪತ್ತೈದು ನಿಮಿಷ. ಹಾಗಾಗಿ ಇವತ್ತಿನ ಭರತ ನಾಳೆ ಅದೇ ಹೊತ್ತಿಗೆ ಬರುವುದಿಲ್ಲ, ಹತ್ತಿರ ಹತ್ತಿರ 50 ನಿಮಿಷ ತಡ. ನಾಡಿದ್ದು ಇನ್ನೂ 50 ನಿಮಿಷ. ಚಂದ್ರ ದಿನಾ ತಡವಾಗಿ ಹುಟ್ಟುತ್ತಾನಲ್ಲ, ಅದೇ ಲೆಕ್ಕ. ಕಳೆದ ರವಿವಾರ ಆರೂವರೆಗೆ ಕೆಸರು ತುಂಬ ಹಕ್ಕಿ ಕಂಡಿತ್ತು ಅಂದರೆ, ಈ ರವಿವಾರ ಆರೂವರೆಗೆ ಅಲ್ಲಿ ಬರೀ ನೀರಿರಬಹುದು.

ಬರೀ ನೀರಿದ್ದರೆ ಹಕ್ಕಿ ಯಾಕಿಲ್ಲ? ಇದೇ ತಲೆಗೆ ಹೋಗದ ಮಾತು. ಚಳಿಗಾಲಕ್ಕೆ ಉತ್ತರದಿಂದ ಬರುವ ಗೊರವ, ಪ್ಲವರ್, ಕರ್ಲ್ಯೂಗಳು ಈಜುವ ಹಕ್ಕಿಗಳಲ್ಲ, ನಡೆಯುವ ಹಕ್ಕಿಗಳು. ಅವುಗಳ ಊಟ ಕೆಸರಿನೊಳಗಿದೆ: ಹುಳ, ಏಡಿ, ಸಣ್ಣ ಚಿಪ್ಪಿ. ಕೆಸರು ಅವುಗಳ ಖಾನಾವಳಿ. ನೀರು ಏರಿದರೆ ಷಟರ್ ಎಳೆದಂತೆ. ಗಿಡ್ಡ ಕಾಲಿನ ಪ್ಲವರ್ ಮೊದಲು ಜಾಗ ಬಿಡುತ್ತದೆ, ಉದ್ದ ಕಾಲಿನ ಕರ್ಲ್ಯೂ ಕೊನೆಗೆ. ಆಮೇಲೆ ಎಲ್ಲವೂ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಬದುವಿನ ಮೇಲೋ, ಮರಳು ದಿಬ್ಬದ ಮೇಲೋ, ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಟೊಂಗೆಯಲ್ಲೋ ಒಂಟಿ ಕಾಲಲ್ಲಿ ನಿಂತು ಕೊಕ್ಕನ್ನು ಬೆನ್ನಿನ ಗರಿಯೊಳಗೆ ಸಿಕ್ಕಿಸಿ ಮಲಗಿಬಿಡುತ್ತವೆ. ಆಗ ದೋಣಿಯಲ್ಲಿ ಅವುಗಳ ಹತ್ತಿರ ಹೋಗಬೇಡಿ. ಸಾವಿರಾರು ಕಿಲೋಮೀಟರ್ ಹಾರಿ ಬಂದವು, ಉಂಡು ಮಲಗಿವೆ. ಎಬ್ಬಿಸಿ ಹಾರಿಸಿದರೆ ಫೋಟೋ ಚೆನ್ನಾಗಿ ಬರುತ್ತದೆ, ಉಂಡಿದ್ದು ಹಾಳಾಗುತ್ತದೆ.

ಕೆಲವು ವರ್ಷದ ಹಿಂದೆ ನಿವೃತ್ತರ ಒಂದು ಗುಂಪು. ಹದಿನಾಲ್ಕು ಜನ. ನಾನು ಬೇಡ ಅಂದರೂ ಕೇಳಲಿಲ್ಲ. ಮಧ್ಯರಾತ್ರಿ ಹುಬ್ಬಳ್ಳಿ ಬಿಟ್ಟು, ಅರಬೈಲ್ ಘಟ್ಟದಲ್ಲಿ ಇಬ್ಬರು ವಾಂತಿ ಮಾಡಿಕೊಂಡು, ಆರಕ್ಕೆ ಸರಿಯಾಗಿ ದೋಣಿ ಹತ್ತಿದರು. ಅವತ್ತು ಏಕಾದಶಿ. ಏಳು ದಾಟುವ ಹೊತ್ತಿಗೆ ಭರತ ಪೂರ್ತಿ. ಕಾಂಡ್ಲಾ ಗಿಡದ ಬೇರೆಲ್ಲ ಮುಳುಗಿ, ಅಳಿವೆ ಕನ್ನಡಿಯಂತೆ ನಿಂತಿತ್ತು. ಎರಡು ತಾಸಿನಲ್ಲಿ ಕಂಡಿದ್ದು ಒಂದು ಗರುಡ, ಒಂದು ಮಿಂಚುಳ್ಳಿ, ಉಳಿದಂತೆ ಕಾಗೆ. ‘ಇಷ್ಟ ದೂರ ಬಂದು ನೀರ ನೋಡಿದಂಗಾತು’ ಅಂದರು ಒಬ್ಬರು. ಅರ್ಧ ಜನಕ್ಕೆ ಹೇಗೂ ಉಪವಾಸ. ಸಾಬೂದಾಣಿ ಖಿಚಡಿ ಡಬ್ಬಿ ತೆಗೆದು ಸುಮ್ನೆ ತಿಂದರು. ಹನ್ನೊಂದೂವರೆಗೆ ವಾಪಸ್ ಹೊರಟಾಗ ಬಸ್ಸಿನ ಕಿಟಕಿಯಿಂದ ನೋಡಿದರೆ ನೀರು ಸರಿದು ಕೆಸರು ತೆರೆದಿತ್ತು, ತುಂಬ ಹಕ್ಕಿ. ‘ನಿಲ್ಲಿಸ್ರೀ, ನಿಲ್ಲಿಸ್ರೀ’ ಅಂತ ಕೂಗು. ಹೆದ್ದಾರಿ, ಡ್ರೈವರ್ ನಿಲ್ಲಿಸಲಿಲ್ಲ.

ಅವರಲ್ಲೇ ಒಬ್ಬರು ನನ್ನನ್ನು ಕೇಳಿದ್ದರು, ‘ಇಷ್ಟ ಹೊತ್ತಿಗೇ ಅಂತ ನೀರ ಬಿಡೋರು ಯಾರ್ರೀ?’ ನಗು ಬಂತು. ಹುಬ್ಬಳ್ಳಿಯವರಲ್ಲವೇ! ಐದಾರು ದಿನಕ್ಕೊಮ್ಮೆ ನಳ ಬರುವ ಊರು ನಮ್ಮದು. ರಾತ್ರಿ ಎರಡಕ್ಕೆ ಬಂದರೂ ಎದ್ದು ಕೊಡಪಾನ ತುಂಬುತ್ತೇವೆ. ನಳದ ಹೊತ್ತಿಗೆ ನಾವು ಏಳುತ್ತೇವೆ, ನಮ್ಮ ಹೊತ್ತಿಗೆ ನಳ ಬರಲಿ ಅನ್ನುವುದಿಲ್ಲ. ಸಮುದ್ರಕ್ಕೆ ಮಾತ್ರ ಯಾಕೆ ನಮ್ಮ ಟೈಮ್ ಹೇಳುತ್ತೇವೋ!

ದೋಣಿಗೆ ಒಳ್ಳೆಯ ಹೊತ್ತೆಂದರೆ ಭರತ ತುಂಬುವ ಎರಡು ಮೂರು ತಾಸು ಮೊದಲು. ಆಗ ಕಾಲುವೆಗಳಲ್ಲಿ ದೋಣಿ ತೇಲುವಷ್ಟು ನೀರಿರುತ್ತದೆ, ಕೆಸರೂ ಇನ್ನೂ ತೆರೆದಿರುತ್ತದೆ, ನೀರು ಏರಿದಂತೆ ಹಕ್ಕಿಗಳು ಅಂಚಿಗೆ ಸರಿದು ಹತ್ತಿರ ಸಿಗುತ್ತವೆ. ಇದಕ್ಕೆ ಮನೆಯ ಕ್ಯಾಲೆಂಡರೇ ಸಾಕು. ಕಾರವಾರ, ಗೋವಾ ಕಡೆ ಅಮಾವಾಸ್ಯೆ, ಹುಣ್ಣಿಮೆಗೆ ಭರತ ತುಂಬುವುದು ಹಗಲು ಹನ್ನೊಂದರ ಆಸುಪಾಸು. ಅಂದರೆ ಎಂಟಕ್ಕೆ ದೋಣಿ. ಅಲ್ಲಿಂದ ಮುಂದೆ ತಿಥಿಗೊಂದು ಮುಕ್ಕಾಲು ತಾಸಿನಂತೆ ತಳ್ಳುತ್ತಾ ಹೋಗಿ. ಚೌತಿಗೆ ಭರತ ಮಧ್ಯಾಹ್ನ ಎರಡರ ಹೊತ್ತಿಗೆ, ಅಷ್ಟಮಿಗೆ ಸಂಜೆ ಐದಕ್ಕೆ. ಅಷ್ಟಮಿ ಹತ್ತಿರ ಏರಿಳಿತವೂ ಕಡಿಮೆ. ಆರೂವರೆಗೇ ಹತ್ತಬೇಕು ಅನ್ನುವ ಹಟವಿದ್ದರೆ ಅಮಾವಾಸ್ಯೆ, ಹುಣ್ಣಿಮೆಯಿಂದ ಎರಡು ತಿಥಿ ಹಿಂದಕ್ಕೆ ಎಣಿಸಿ ತ್ರಯೋದಶಿ ಹಿಡಿಯಿರಿ, ಆಗ ಮುಂಜಾನೆ ಒಂಬತ್ತೂ ಕಾಲಿಗೆ ಭರತ, ನಿಮ್ಮ ಮಾತೂ ನಡೆಯಿತು.

ಇದು ಅಂದಾಜು, ತಾಸೊಪ್ಪತ್ತು ಹಿಂದೆ ಮುಂದೆ ಆಗುತ್ತದೆ. ಬಂದರಿನಲ್ಲಿ ಭರತ ತುಂಬಿದ ಎಷ್ಟೋ ಹೊತ್ತಿನ ಮೇಲೆ ಹೊಳೆಯ ಒಳಭಾಗದಲ್ಲಿ ತುಂಬುತ್ತದೆ. ಗಾಳಿಯೂ ಲೆಕ್ಕ ಕೆಡಿಸುತ್ತದೆ. ಟಿಕೆಟ್ ಮಾಡಿಸುವ ಮೊದಲು ಸರ್ವೇ ಆಫ್ ಇಂಡಿಯಾದ ಭರತ ಇಳಿತದ ಪಟ್ಟಿ ನೋಡಿ. ಅದಕ್ಕಿಂತ ದೊಡ್ಡ ಮಾತು ದೋಣಿಯವನದ್ದು. ಅವನು ಬೇಡ ಅಂದರೆ ಬೇಡ. ಅಘನಾಶಿನಿಯಲ್ಲಿ ಇನ್ನೊಂದು ಗುರುತಿದೆ: ಇಳಿತದಲ್ಲಿ ಚಿಪ್ಪಿ ಆರಿಸಲು ಸೊಂಟದ ಮಟ್ಟ ನೀರಿಗಿಳಿದ ಹೆಂಗಸರು ಬುಟ್ಟಿ ಹೊತ್ತು ದಡದ ಕಡೆ ತಿರುಗಿದರೆ ನೀರು ಏರಲು ಶುರುವಾಯಿತು ಅಂತ. ನಾನು ವಾಚ್ ನೋಡುವುದಕ್ಕಿಂತ ಅವರನ್ನೇ ಜಾಸ್ತಿ ನೋಡುತ್ತೇನೆ.

ಇಷ್ಟೆಲ್ಲ ಹೇಳುವ ನಾನೂ ಒಮ್ಮೆ ಸಿಕ್ಕಿಬಿದ್ದೆ. ಹುಣ್ಣಿಮೆ ದಿನ. ಹನ್ನೊಂದರ ಭರತ ಮುಗಿಸಿ ನಾವು ಮಧ್ಯಾಹ್ನವೇ ದಡ ಸೇರಬೇಕಿತ್ತು. ಗುಂಪಿನಲ್ಲಿದ್ದ ಫೋಟೋ ಹುಚ್ಚಿನ ಹುಡುಗನಿಗೆ ಮೀನು ಹಿಡಿಯುವ ಡೇಗೆ ಬೇಕಿತ್ತು. ಇನ್ನು ಹತ್ತೇ ನಿಮಿಷ, ಇನ್ನು ಹತ್ತೇ ನಿಮಿಷ. ದೋಣಿಯವನು ಎರಡು ಸಲ ನನ್ನ ಮುಖ ನೋಡಿದ. ನಾನು ಹೂಂ ಅಂದೆ. ಮೂರು ಗಂಟೆಗೆ ತಳ ಕೆಸರಿಗೆ ಕಚ್ಚಿತು. ಜಲ್ಲೆ ಊರಿ ತಳ್ಳಿದ, ಅಲುಗಲಿಲ್ಲ. ಜಲ್ಲೆ ಒಳಗೆಳೆದು ಬೀಡಿ ಹಚ್ಚಿ, ‘ಇನ್ನು ರಾತ್ರಿಗೇ’ ಅಂದ.

ಮೊದಲ ಅರ್ಧ ತಾಸು ಎಲ್ಲರೂ ಗೊಣಗಿದರು. ಆಮೇಲೆ ಸುತ್ತಲೂ ಕೆಸರು ಏಳುತ್ತಾ ಹೋಯಿತು, ಮಾತು ತಾನೇ ನಿಂತಿತು. ದೋಣಿ ಅಲ್ಲಾಡುತ್ತಿಲ್ಲವಲ್ಲ, ಹಕ್ಕಿಗಳಿಗೆ ನಾವೊಂದು ಬಿದ್ದ ಮರ. ಹತ್ತು ಹೆಜ್ಜೆಯಾಚೆ ಒಂದು ಕರ್ಲ್ಯೂ. ಕುಡುಗೋಲಿನಂಥ ಕೊಕ್ಕನ್ನು ಬುಡದವರೆಗೂ ಕೆಸರಿಗೆ ಇಳಿಸಿ, ತಲೆ ಓರೆ ಮಾಡಿ ತಡಕಾಡಿ, ಒಂದು ಏಡಿ ಎಳೆಯಿತು. ನುಂಗಲಿಲ್ಲ. ಹಿಡಿದು ಜಾಡಿಸಿತು, ಒಂದು ಕಾಲು ಉದುರಿತು. ನೆಲಕ್ಕೆ ಹಾಕಿ ಮತ್ತೆ ಎತ್ತಿ ಜಾಡಿಸಿತು, ಇನ್ನೆರಡು. ಕೊನೆಗೆ ಬರೀ ಚಿಪ್ಪಿನ ಗುಂಡು ಉಳಿದಾಗ ಕೊಕ್ಕಿನ ತುದಿಯಿಂದ ಗಂಟಲವರೆಗೆ ಉರುಳಿಸಿಕೊಂಡಿತು. ಉದುರಿದ ಕಾಲುಗಳನ್ನೂ ಒಂದೊಂದಾಗಿ ಆರಿಸಿತು. ಫೋಟೋದ ಹುಡುಗ ಕ್ಯಾಮೆರಾ ತೊಡೆ ಮೇಲಿಟ್ಟುಕೊಂಡು ಬಾಯಿ ತೆರೆದು ಕೂತಿದ್ದ.

ಕತ್ತಲಾದ ಮೇಲೆ ಘಟ್ಟದ ಕಡೆಯಿಂದ ಚಂದ್ರ ಬಂದ. ಏಳರ ಸುಮಾರಿಗೆ ದೋಣಿಯ ಅಡಿ ಎಲ್ಲೋ ಒಂದು ಕಡೆ ಸಡಿಲಾಯಿತು, ಆಮೇಲೆ ಮೆಲ್ಲಗೆ ಅಲ್ಲಾಡಿತು. ದಡದಲ್ಲಿ ಟೆಂಪೋ ಡ್ರೈವರ್ ನನಗೆ ಏನೇನು ಅಂದ ಅನ್ನುವುದನ್ನು ಇಲ್ಲಿ ಬರೆಯುವ ಹಾಗಿಲ್ಲ. ಮನೆ ಮುಟ್ಟುವಾಗ ರಾತ್ರಿ ಒಂದೂವರೆ. ನಮ್ಮ ಓಣಿಗೆ ನಳ ಬಂದು ಹೋಗಿತ್ತು.