ಮರಿಗೆ ಬಾಟಲಿ ಹಿಡಿಯುವ ಮುನ್ನ ತಾಯಿ ಎಲ್ಲಿ ಎಂದು ಕೇಳಿ

ವನ್ಯಜೀವಿ ವೈದ್ಯಕೀಯದಲ್ಲಿ ಕೆಲಸ ಮಾಡುವ ನನಗೆ ಬರುವ ಪತ್ರಗಳಲ್ಲಿ ಒಂದು ಬಗೆಯವು ವರ್ಷವಿಡೀ ತಪ್ಪುವುದಿಲ್ಲ. ಬರೆಯುವವರು ಪಶುವೈದ್ಯಕೀಯ ಓದುತ್ತಿರುವ ಹುಡುಗಿ ಇರಬಹುದು, ಕೆಲಸಕ್ಕೆ ಉದ್ದನೆಯ ರಜೆ ಹಾಕಿ ಏನಾದರೂ ಒಳ್ಳೆಯದು ಮಾಡಬೇಕೆಂದು ಹೊರಟವರೂ ಇರಬಹುದು. ‘ದಕ್ಷಿಣ ಆಫ್ರಿಕಾದಲ್ಲಿ ಸಿಂಹ ಸಂರಕ್ಷಣೆಗೆ ಸ್ವಯಂಸೇವೆ ಮಾಡಬೇಕೆಂದಿದ್ದೇನೆ, ಈ ಕೇಂದ್ರ ಹೇಗಿದೆ ನೋಡಿ ಹೇಳ್ತೀರಾ ಡಾಕ್ಟ್ರೇ’ ಎಂದು ಕೇಳಿರುತ್ತಾರೆ. ಜೊತೆಗೆ ಒಂದು ಚಿತ್ರ. ಯಾರದೋ ಮಡಿಲಲ್ಲಿ ಆಗಷ್ಟೇ ಕಣ್ಣು ಬಿಟ್ಟ ಸಿಂಹದ ಮರಿ, ಅದರ ಬಾಯಲ್ಲಿ ಹಾಲಿನ ಬಾಟಲಿ. ಕೆಳಗೆ, ‘ತಾಯಿ ತೊರೆದ ಮರಿಗಳನ್ನು ಸಾಕಿ ಕಾಡಿಗೆ ಬಿಡಲು ನೆರವಾಗಿ’ ಎಂಬ ಸಾಲು.

ಆ ಚಿತ್ರ ನೋಡಿ ಮನಸ್ಸು ಕರಗುವುದು ಸಹಜ. ಹಾಗೆ ಕರಗುವ ಮನಸ್ಸಿನವರೇ ಈ ಕ್ಷೇತ್ರಕ್ಕೆ ಬೇಕು. ಆದರೆ ನಾನು ಮರಳಿ ಕೇಳುವ ಮೊದಲ ಪ್ರಶ್ನೆ, ಈ ಮರಿಯ ತಾಯಿ ಎಲ್ಲಿದೆ ಎಂಬುದು. ಒಂದು ಮರಿ ಅನಾಥವಾಗುವುದು ಉಂಟು. ತಿಂಗಳು ತಿಂಗಳೂ, ಸ್ವಯಂಸೇವಕರ ತಂಡ ಬಂದಿಳಿಯುವ ಹೊತ್ತಿಗೆ ಸರಿಯಾಗಿ, ಹಸುಗೂಸು ಮರಿಗಳು ಅನಾಥವಾಗುತ್ತಲೇ ಇರುವುದು ಹೇಗೆ?

ಇದಕ್ಕೆ ಉತ್ತರ ಸಿಂಹಿಣಿಯ ದೇಹಧರ್ಮದಲ್ಲೇ ಇದೆ. ಅದರ ಗಬ್ಬದ ಅವಧಿ ಸುಮಾರು 110 ದಿನ. ಕಾಡಿನಲ್ಲಿ ಹುಟ್ಟಿದ ಮರಿಗಳು ಆರೆಂಟು ತಿಂಗಳವರೆಗೆ ಮೊಲೆ ಬಿಡುವುದಿಲ್ಲ, ಹೆಚ್ಚು ಕಡಿಮೆ ಎರಡು ವರ್ಷ ತುಂಬುವವರೆಗೆ ತಾಯಿಯ ನೆರಳು ಬಿಡುವುದಿಲ್ಲ. ಹೀಗಾಗಿ ಮರಿಗಳು ಬದುಕಿದರೆ ಎರಡು ಹೆರಿಗೆಗಳ ನಡುವೆ ಎರಡು ವರ್ಷದಷ್ಟು ಅಂತರ ತಾನಾಗಿಯೇ ಬೀಳುತ್ತದೆ. ಮರಿಗಳು ಸತ್ತರೆ ಅಥವಾ ಕಾಣೆಯಾದರೆ ಮಾತ್ರ ಸಿಂಹಿಣಿ ಬೇಗನೆ ಮತ್ತೆ ಬೆದೆಗೆ ಬರುತ್ತದೆ. ಹೊಸ ಗಂಡುಗಳು ಗುಂಪನ್ನು ವಶಪಡಿಸಿಕೊಂಡಾಗ ಇರುವ ಮರಿಗಳನ್ನು ಕೊಲ್ಲುವುದೂ ಇದೇ ಕಾರಣಕ್ಕೆ. ಸಾಕಣೆ ಕೇಂದ್ರದವರು ಮಾಡುವುದು ಇಷ್ಟೇ: ಹುಟ್ಟಿದ ಕೆಲವೇ ದಿನಗಳಲ್ಲಿ ಮರಿಗಳನ್ನು ತಾಯಿಯಿಂದ ಬೇರೆ ಮಾಡುತ್ತಾರೆ. ತಾಯಿ ಮತ್ತೆ ಗಬ್ಬವಾಗುತ್ತದೆ, ಮರಿಗೆ ಬಾಟಲಿ ಹಿಡಿಯಲು ಹಣ ಕೊಟ್ಟು ಬಂದ ಕೈಗಳು ಸಿದ್ಧವಿರುತ್ತವೆ. ನೀವು ತುಂಬಿದ ಶುಲ್ಕದಿಂದಲೇ ಈ ಚಕ್ರ ತಿರುಗುತ್ತದೆ ಎಂದು ಹೇಳುವಾಗ ನನಗೂ ಸಂಕಟವಾಗುತ್ತದೆ, ಆದರೂ ಹೇಳದೆ ಇರಲಾರೆ.

ಮರಿ ಬೆಳೆದ ಮೇಲಿನ ಕಥೆ ಇನ್ನೂ ಕಷ್ಟದ್ದು. ಆರು ತಿಂಗಳಾದರೆ ಅದರ ಪಂಜಕ್ಕೆ ಚರ್ಮ ಹರಿಯುವ ಶಕ್ತಿ ಬರುತ್ತದೆ, ಮಡಿಲಿಗೆ ಒಗ್ಗುವುದಿಲ್ಲ. ಆಮೇಲೆ ಕೆಲಕಾಲ ಪ್ರವಾಸಿಗರ ಜೊತೆ ‘ಸಿಂಹದೊಂದಿಗೆ ನಡಿಗೆ’. ಅದೂ ಮುಗಿದ ಮೇಲೆ ಬೇಲಿಯೊಳಗಿನ ಬೇಟೆಗೆ ಗುರಿಯಾಗುವುದು, ಇಲ್ಲವೇ ಮೂಳೆಯಾಗಿ ಆಗ್ನೇಯ ಏಷ್ಯಾದ ಮಾರುಕಟ್ಟೆ ಸೇರುವುದು ದಕ್ಷಿಣ ಆಫ್ರಿಕಾದಲ್ಲಿ ದಾಖಲಾಗಿರುವ ಸಂಗತಿ. 2017ರಲ್ಲಿ ಅಲ್ಲಿನ ಸರ್ಕಾರ ಸಾಕಿದ ಸಿಂಹಗಳ 800 ಅಸ್ಥಿಪಂಜರಗಳ ರಫ್ತಿಗೆ ಅವಕಾಶ ಕೊಟ್ಟಿತ್ತು. ಪ್ರಾಣಿಗಳ ಕ್ಷೇಮವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಇಂಥ ಮಿತಿ ಗೊತ್ತುಮಾಡಿದ್ದು ಕಾನೂನುಬಾಹಿರ ಎಂದು 2019ರಲ್ಲಿ ಪ್ರಿಟೋರಿಯಾದ ಹೈಕೋರ್ಟ್ ತೀರ್ಪಿತ್ತಿತು. 2021ರ ಮೇ ತಿಂಗಳಲ್ಲಿ ಪರಿಸರ ಸಚಿವೆ ಬಾರ್ಬರಾ ಕ್ರೀಸಿ ಸಿಂಹಗಳ ವಾಣಿಜ್ಯ ಸಾಕಣೆಯನ್ನು ಕೊನೆಗಾಣಿಸುವ ನಿರ್ಧಾರ ಪ್ರಕಟಿಸಿದರು. 2024ರಲ್ಲಿ ಸಂಪುಟ ಅದನ್ನು ನೀತಿಯಾಗಿ ಒಪ್ಪಿತು. ಕಾಗದದ ಮೇಲಿನ ನಿರ್ಧಾರ ನೆಲಕ್ಕಿಳಿಯಲು ಕಾಲ ಹಿಡಿಯುತ್ತದೆ. ಅಂದಾಜು 8,000ಕ್ಕೂ ಹೆಚ್ಚು ಸಿಂಹಗಳು 300ಕ್ಕಿಂತ ಹೆಚ್ಚು ಕೇಂದ್ರಗಳ ಬೇಲಿಯೊಳಗೆ ಇರುವಾಗ, ಅವುಗಳನ್ನೆಲ್ಲ ಏನು ಮಾಡುವುದು ಎಂಬ ಪ್ರಶ್ನೆಯೇ ಬೆಟ್ಟದಷ್ಟಿದೆ.

‘ಆದರೆ ಅವರು ಕಾಡಿಗೆ ಬಿಡುತ್ತಾರಂತಲ್ಲ’ ಎನ್ನುತ್ತಾರೆ ಪತ್ರ ಬರೆದವರು. ಮನುಷ್ಯರ ಕೈಯಲ್ಲಿ ಬೆಳೆದ ಸಿಂಹಕ್ಕೆ ಮನುಷ್ಯರ ಭಯವಿಲ್ಲ, ಹಸಿವಾದರೆ ಅದು ಊರಿನ ಕಡೆಗೇ ನಡೆಯುತ್ತದೆ. ಬೇಟೆಯ ಪಾಠವಿಲ್ಲ, ಗುಂಪಿನಲ್ಲಿ ಬಾಳುವ ರೀತಿ ಗೊತ್ತಿಲ್ಲ, ವಂಶಾವಳಿಯ ದಾಖಲೆಯೂ ಬಹುತೇಕ ಇರುವುದಿಲ್ಲ. ಸಿಂಹವನ್ನು ನಿಜವಾಗಿ ಮರಳಿ ಕಾಡಿಗೆ ತಂದದ್ದು ಹೇಗೆ ಎಂದು ತಿಳಿಯಬೇಕಾದರೆ ರುವಾಂಡಾದ ಅಕಗೇರಾ ರಾಷ್ಟ್ರೀಯ ಉದ್ಯಾನವನ್ನು ನೋಡಬೇಕು. 1994ರ ನರಮೇಧದ ನಂತರದ ವರ್ಷಗಳಲ್ಲಿ ಅಲ್ಲಿ ಸಿಂಹಗಳು ಪೂರ್ತಿ ಅಳಿದಿದ್ದವು. 2015ರಲ್ಲಿ ದಕ್ಷಿಣ ಆಫ್ರಿಕಾದ ಮೀಸಲು ಅರಣ್ಯಗಳಿಂದ ಏಳು ಸಿಂಹಗಳನ್ನು ತಂದು ಬಿಟ್ಟರು. ಅವೆಲ್ಲ ತಾವೇ ಬೇಟೆಯಾಡಿ ಬದುಕುತ್ತಿದ್ದ ಪ್ರಾಣಿಗಳು. ಅವುಗಳ ಸಂತತಿ ಈಗ ಅಲ್ಲಿ ಬೆಳೆದು ನಿಂತಿದೆ. ಆ ಕೆಲಸದಲ್ಲಿ ಬಾಟಲಿ ಹಾಲಿಗೆ ಜಾಗವೇ ಇರಲಿಲ್ಲ.

ಇಷ್ಟು ವರ್ಷದ ಕೆಲಸದಲ್ಲಿ ನನಗೆ ಮನದಟ್ಟಾದ ಮಾತು ಹೇಳುತ್ತೇನೆ. ದೊಡ್ಡ ಬೆಕ್ಕುಗಳ ಸಂರಕ್ಷಣೆಯ ಬಹುಪಾಲು ಕೆಲಸ ನಡೆಯುವುದು ಆ ಪ್ರಾಣಿ ಕಣ್ಣಿಗೆ ಬೀಳದ ಕಡೆ. ದನದ ದೊಡ್ಡಿಯಲ್ಲಿ, ಕುರಿಮಂದೆಯಲ್ಲಿ, ಊರನಾಯಿಯ ಲಸಿಕೆಯಲ್ಲಿ, ಸಾವಿರಾರು ಫೋಟೊಗಳನ್ನು ಒಂದೊಂದಾಗಿ ನೋಡುವ ಕಂಪ್ಯೂಟರಿನ ಮುಂದೆ. 1994ರಲ್ಲಿ ಟಾಂಜಾನಿಯಾದ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನದ ಸಿಂಹಗಳಲ್ಲಿ ಮೂರರಲ್ಲೊಂದು ಪಾಲು ಸತ್ತದ್ದು ಬೇಟೆಗಾರನಿಂದಲ್ಲ, ನಾಯಿಗಳಲ್ಲಿ ಕಾಣುವ ಕೆನೈನ್ ಡಿಸ್ಟೆಂಪರ್ ವೈರಸ್‌ನಿಂದ. ಸುಮಾರು ಸಾವಿರ ಸಿಂಹಗಳು. ಉದ್ಯಾನದ ಸುತ್ತಲ ಹಳ್ಳಿಗಳ ನಾಯಿಗಳಿಗೆ ಲಸಿಕೆ ಹಾಕುವ ಅಭಿಯಾನ ಆಮೇಲೆ ದೊಡ್ಡದಾಗಿ ಬೆಳೆಯಿತು. ಸಿಂಹವನ್ನು ಪ್ರೀತಿಸುವ ಹುಡುಗನೊಬ್ಬ ಬಿಸಿಲಲ್ಲಿ ಕೂತು ಒಂದರ ಹಿಂದೊಂದು ನಾಯಿಯ ಕುತ್ತಿಗೆ ಹಿಡಿದು ಸೂಜಿಗೆ ಒಡ್ಡುವುದು ಸಿಂಹ ಸಂರಕ್ಷಣೆಯೇ. ಚಿತ್ರ ಚೆನ್ನಾಗಿ ಬರುವುದಿಲ್ಲ, ಅಷ್ಟೆ.

ನಮೀಬಿಯಾದ ಚೀತಾಗಳ ವಿಷಯ ಇನ್ನೂ ಸ್ವಾರಸ್ಯದ್ದು. ಅಲ್ಲಿನ ಹೆಚ್ಚಿನ ಚೀತಾಗಳು ಬದುಕುವುದು ರಕ್ಷಿತ ಅರಣ್ಯದಲ್ಲಲ್ಲ, ಖಾಸಗಿ ಜಾನುವಾರು ಫಾರ್ಮ್‌ಗಳಲ್ಲಿ. ಕಾಡಿನಲ್ಲಿ ಸಿಂಹ ಮತ್ತು ಕತ್ತೆಕಿರುಬಗಳು ಅವುಗಳ ಬೇಟೆ ಕಿತ್ತುಕೊಳ್ಳುತ್ತವೆ, ಮರಿಗಳನ್ನು ಕೊಲ್ಲುತ್ತವೆ. 1980ರ ದಶಕದಲ್ಲಿ ಫಾರ್ಮ್‌ನವರು ಸಾವಿರಾರು ಚೀತಾಗಳನ್ನು ಪೀಡೆಯೆಂದು ಬಗೆದು ತೆಗೆದುಹಾಕಿದರು. 1990ರಲ್ಲಿ ಲೋರಿ ಮಾರ್ಕರ್ ಅವರು ಕಟ್ಟಿದ ಚೀತಾ ಕನ್ಸರ್ವೇಶನ್ ಫಂಡ್, 1994ರಿಂದ ಅನಾಟೋಲಿಯನ್ ಶೆಫರ್ಡ್ ಮತ್ತು ಕಂಗಾಲ್ ಜಾತಿಯ ಕಾವಲು ನಾಯಿಗಳನ್ನು ಬೆಳೆಸಿ ರೈತರಿಗೆ ಕೊಡುತ್ತಿದೆ. ಮರಿಯಾಗಿದ್ದಾಗಲೇ ಅದನ್ನು ಆಡುಗಳ ನಡುವೆ ಬಿಡುತ್ತಾರೆ. ಬೆಳೆಯುತ್ತ ಆ ಮಂದೆಯೇ ಅದರ ಮನೆಮಂದಿಯಾಗುತ್ತದೆ. ಚೀತಾ ಬಂದರೆ ನಾಯಿ ಅದನ್ನು ಅಟ್ಟಿಕೊಂಡು ಹೋಗಬೇಕೆಂದಿಲ್ಲ, ಮಂದೆಗೂ ಅದಕ್ಕೂ ಮಧ್ಯೆ ನಿಂತು ಬೊಗಳಿದರೆ ಸಾಕು. ಓಟವನ್ನೇ ನಂಬಿ ಬದುಕುವ ಚೀತಾ ಕಾಲಿಗೆ ಪೆಟ್ಟು ಬಿದ್ದರೆ ಉಪವಾಸ ಬೀಳಬೇಕು, ಹಾಗಾಗಿ ಜಗಳಕ್ಕೆ ನಿಲ್ಲದೆ ತಿರುಗಿ ಹೋಗುತ್ತದೆ. ಆಡು ಉಳಿಯಿತು, ರೈತನ ಕೋವಿ ಗೋಡೆಯಲ್ಲೇ ಉಳಿಯಿತು.

ಬೋಟ್ಸ್ವಾನಾದ ಒಕವಾಂಗೊ ಪ್ರದೇಶದಲ್ಲಿ ಇನ್ನೂ ಸರಳವಾದ ಉಪಾಯವನ್ನು ಪರೀಕ್ಷಿಸಿದರು. ದನಗಳ ಹಿಂಭಾಗದ ಮೇಲೆ ಎರಡು ದೊಡ್ಡ ಕಣ್ಣುಗಳನ್ನು ಬಣ್ಣದಲ್ಲಿ ಬಿಡಿಸಿ ಮೇಯಲು ಬಿಟ್ಟರು. ಹೊಂಚಿ ಹಿಡಿಯುವ ಸಿಂಹ, ಚಿರತೆಗಳಿಗೆ ‘ನನ್ನನ್ನು ನೋಡಿಬಿಟ್ಟಿತು’ ಅನ್ನಿಸಿದರೆ ಹೊಂಚು ಕೈಬಿಡುತ್ತವೆಯೇ ಎಂದು ನೋಡುವುದು ಉದ್ದೇಶ. ನಾಲ್ಕು ವರ್ಷ ನಡೆದ ಈ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಬಣ್ಣವಿಲ್ಲದ 835 ದನಗಳಲ್ಲಿ 15 ಬಲಿಯಾದವು, ಕಣ್ಣಿನ ಬದಲು ಬರೀ × ಗುರುತು ಹಾಕಿದ 543ರಲ್ಲಿ 4. ಕಣ್ಣು ಬಿಡಿಸಿದ 683ರಲ್ಲಿ ಒಂದೂ ಇಲ್ಲ. ಕುಂಚ ಹಿಡಿದು ದನದ ಹಿಂದೆ ನಿಲ್ಲುವ ಕೆಲಸಕ್ಕೆ ಸ್ವಯಂಸೇವಕರನ್ನು ಕರೆದರೆ ಎಷ್ಟು ಜನ ಅರ್ಜಿ ಹಾಕುತ್ತಾರೋ ಎಂದು ನಾನು ಆಗಾಗ ಯೋಚಿಸುತ್ತೇನೆ. ಹಾಕಬೇಕು.

ಹಾಗಾದರೆ ಒಳ್ಳೆಯ ಯೋಜನೆಯಲ್ಲಿ ಪ್ರಾಣಿಯ ಹತ್ತಿರ ಹೋಗುವುದೇ ಇಲ್ಲವೇ? ಅಪರೂಪಕ್ಕೆ ಹೋಗುವುದುಂಟು, ಕಾರಣ ಇದ್ದಾಗ ಮಾತ್ರ. ಪ್ರಾಣಿ ಎಲ್ಲಿದೆಯೆಂದು ತಿಳಿಸುವ ಕೊರಳಪಟ್ಟಿಯನ್ನು, ಅಂದರೆ ರೇಡಿಯೊ ಕಾಲರ್ ಅನ್ನು, ಬದಲಿಸಲು ಸಿಂಹವೊಂದಕ್ಕೆ ಅರಿವಳಿಕೆಯ ಡಾರ್ಟ್ ಹೊಡೆದಿದ್ದೇವೆ ಎನ್ನಿ. ಅರಿವಳಿಕೆಯಲ್ಲಿ ಅದರ ಕಣ್ಣು ತೆರೆದೇ ಇರುತ್ತದೆ, ರೆಪ್ಪೆ ಬಡಿಯುವುದಿಲ್ಲ. ಮೊದಲು ಕಣ್ಣಿಗೆ ಮುಲಾಮು ಹಚ್ಚಿ ಬಟ್ಟೆ ಕಟ್ಟುತ್ತೇವೆ, ದೂಳು ಮತ್ತು ಬೆಳಕು ತಾಕದಂತೆ. ಸ್ವಯಂಸೇವಕರ ಕೈಗೆ ಗಡಿಯಾರ ಮತ್ತು ಹಾಳೆ. ಐದೈದು ನಿಮಿಷಕ್ಕೆ ಉಸಿರು ಎಷ್ಟು, ನಾಡಿ ಎಷ್ಟು, ಜ್ವರಮಾಪಕದಲ್ಲಿ ಎಷ್ಟು ಎಂದು ಬರೆಯಬೇಕು. ತಾಪ 40 ಡಿಗ್ರಿ ದಾಟುತ್ತಿದ್ದರೆ ಕೂಗದೆ ನನಗೆ ತಿಳಿಸಬೇಕು, ಹೊಟ್ಟೆ ತೊಡೆಗಳಿಗೆ ನೀರು ಸುರಿಯಬೇಕು. ಪಿಸುಮಾತಿಗಿಂತ ಜೋರಾಗಿ ಯಾರೂ ಮಾತನಾಡುವುದಿಲ್ಲ. ಮಲಗಿದ ಸಿಂಹದ ಪಕ್ಕ ಕೂತು ಸೆಲ್ಫಿ ತೆಗೆಸಿಕೊಳ್ಳಲು ಬಿಡುವ ತಂಡದ ಜೊತೆ ನಾನು ಕೆಲಸ ಮಾಡುವುದಿಲ್ಲ, ನೀವೂ ಮಾಡಬೇಡಿ.

ಉಳಿದ ದಿನಗಳೆಲ್ಲ ದೂರದಿಂದ ನೋಡುವ ಕೆಲಸ. ಸಿಂಹಗಳನ್ನು ಒಂದೊಂದಾಗಿ ಗುರುತು ಹಿಡಿಯುವುದನ್ನು ಕಲಿಯುವುದು ನನ್ನ ಮಟ್ಟಿಗೆ ಈ ಅನುಭವದ ಅತ್ಯಂತ ದೊಡ್ಡ ಸಂಪಾದನೆ. ಮೂತಿಯ ಎರಡೂ ಬದಿಯಲ್ಲಿ ಮೀಸೆಗಳು ಸಾಲುಸಾಲಾಗಿ ಹುಟ್ಟುತ್ತವೆ, ಪ್ರತಿ ಮೀಸೆಯ ಬುಡದಲ್ಲಿ ಒಂದು ಕಪ್ಪು ಚುಕ್ಕಿ. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಕೆಲವೇ ಚುಕ್ಕಿಗಳು. ಅವು ಕೆಳಗಿನ ಸಾಲಿನ ಯಾವ ಚುಕ್ಕಿಯ ನೇರಕ್ಕೆ ಬರುತ್ತವೆ ಎಂಬುದು ಪ್ರಾಣಿಯಿಂದ ಪ್ರಾಣಿಗೆ ಬೇರೆ, ಒಂದೇ ಪ್ರಾಣಿಯ ಎಡ ಬಲಕ್ಕೂ ಬೇರೆ, ಮತ್ತು ಬದುಕಿಡೀ ಬದಲಾಗುವುದಿಲ್ಲ. 1970ರಿಂದ ಈ ವಿಧಾನ ಬಳಕೆಯಲ್ಲಿದೆ. ದುರ್ಬೀನು ಹಿಡಿದು ಒಂದು ಸಿಂಹಿಣಿಯ ಎಡ ಕೆನ್ನೆಯ ಚುಕ್ಕಿಗಳನ್ನು ಹಾಳೆಗಿಳಿಸಲು ಅದು ಮುಖ ತಿರುಗಿಸುವವರೆಗೆ ವಾಹನದೊಳಗೆ ಕಾಯುತ್ತ ಕೂರಬೇಕು. ಹಾಗೆ ಕಾದವರಿಗೆ ಆ ಪ್ರಾಣಿ ತಿಳಿಯುವಷ್ಟು, ಮರಿಯನ್ನು ಅಪ್ಪಿಕೊಂಡವರಿಗೆ ತಿಳಿಯುವುದಿಲ್ಲ.

ವಿಮಾನ ಹತ್ತದೆಯೂ ಈ ಕೆಲಸಕ್ಕೆ ಸೇರಬಹುದು ಎಂಬುದನ್ನು ಬಹಳ ಜನ ಗಮನಿಸಿಲ್ಲ. ಸೆರೆಂಗೆಟಿಯಲ್ಲಿ 225 ಕ್ಯಾಮೆರಾ ಟ್ರ್ಯಾಪ್‌ಗಳನ್ನು (ಎದುರು ಏನಾದರೂ ಅಲುಗಾಡಿದರೆ ತಾವೇ ಚಿತ್ರ ತೆಗೆಯುವ ಕ್ಯಾಮೆರಾಗಳು) ಇಟ್ಟ ಸ್ನ್ಯಾಪ್‌ಶಾಟ್ ಸೆರೆಂಗೆಟಿ ಯೋಜನೆಯಲ್ಲಿ 2010ರಿಂದ 2013ರ ನಡುವೆ 12 ಲಕ್ಷ ಚಿತ್ರಗುಚ್ಛಗಳು ಸೇರಿದವು. ಅದರಲ್ಲಿ ಪ್ರಾಣಿ ಇದ್ದದ್ದು ಸುಮಾರು 3.2 ಲಕ್ಷದಲ್ಲಿ, ಉಳಿದವು ಬಹುಪಾಲು ಗಾಳಿಗೆ ತೂಗಿದ ಹುಲ್ಲು. ಜಗತ್ತಿನಾದ್ಯಂತ 28,000 ಮಂದಿ ನೋಂದಾಯಿತ ಸ್ವಯಂಸೇವಕರು ತಮ್ಮ ತಮ್ಮ ಮನೆಯಲ್ಲಿ ಕೂತು ಅವನ್ನು ವಿಂಗಡಿಸಿದರು. ತಜ್ಞರ ಗುರುತಿಸುವಿಕೆಯೊಂದಿಗೆ ಹೋಲಿಸಿದಾಗ ಪ್ರಾಣಿಯ ಜಾತಿ ಹೇಳುವುದರಲ್ಲಿ ಅವರ ಒಟ್ಟು ತೀರ್ಮಾನ ಶೇ 96.6ರಷ್ಟು ಸರಿಯಿತ್ತು. ಹೊರದೇಶಕ್ಕೆ ಹೋಗುವ ಮುನ್ನ ಕೆಲವು ತಿಂಗಳು ಇಂಥ ಕೆಲಸ ಮಾಡಿ ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಹುಲ್ಲಿನ ಚಿತ್ರಗಳು ಬೇಸರ ತರಿಸಿದರೆ ಅಲ್ಲಿಗೆ ಹೋದ ಮೇಲೂ ಬೇಸರವೇ.

ಹೋಗಲೇಬೇಕೆಂದು ಗಟ್ಟಿಯಾದರೆ ಕೇಂದ್ರದವರಿಗೆ ಪತ್ರ ಬರೆದು ಕೇಳಿ. ಇಲ್ಲಿ ಮರಿ ಹಾಕಿಸುತ್ತೀರಾ? ಕಳೆದ ಐದು ವರ್ಷದಲ್ಲಿ ಇಲ್ಲಿದ್ದ ಪ್ರಾಣಿಗಳು ಈಗ ಎಲ್ಲಿವೆ, ಒಂದೊಂದರ ದಾಖಲೆ ಇದೆಯೇ? ಪ್ರಾಣಿಗಳನ್ನು ಮುಟ್ಟಲು ಬಿಡುತ್ತೀರಾ? ಗಾಯಗೊಂಡ, ಸರ್ಕಸ್‌ನಿಂದ ಬಿಡಿಸಿದ ಪ್ರಾಣಿಗಳನ್ನು ಸಾಯುವವರೆಗೆ ನೋಡಿಕೊಳ್ಳುವ ನಿಜವಾದ ಆಶ್ರಯಧಾಮಗಳೂ ಇವೆ. ಅವು ಮರಿ ಹಾಕಿಸುವುದಿಲ್ಲ, ಮಾರುವುದಿಲ್ಲ, ಮುಟ್ಟಲು ಬಿಡುವುದಿಲ್ಲ. 2007ರಲ್ಲಿ ಹುಟ್ಟಿದ ಗ್ಲೋಬಲ್ ಫೆಡರೇಶನ್ ಆಫ್ ಅನಿಮಲ್ ಸ್ಯಾಂಕ್ಚುಯರೀಸ್ ಮಾನ್ಯತೆ ಕೊಡುವಾಗ ನೋಡುವುದೂ ಇಂಥ ಅಂಶಗಳನ್ನೇ. ಅಂಥ ಕಡೆ ನಿಮಗೆ ಸಿಗುವುದು ಮಾಂಸ ಕತ್ತರಿಸುವ, ಬೇಲಿ ರಿಪೇರಿಯ, ಸಗಣಿ ಬಾಚುವ ಕೆಲಸ. ಸಂತೋಷದಿಂದ ಒಪ್ಪಿಕೊಳ್ಳಿ.

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ನನಗೆ ಅದೇ ಮುಖ್ಯ. ಈ ಕೆಲಸವನ್ನು ಸ್ಥಳೀಯರೊಬ್ಬರು ಸಂಬಳಕ್ಕೆ ಮಾಡಬಹುದಿತ್ತೇ? ಕೀನ್ಯಾದ ಅಂಬೋಸೆಲಿ ಉದ್ಯಾನದ ಸುತ್ತ 2007ರಲ್ಲಿ ಶುರುವಾದ ಲಯನ್ ಗಾರ್ಡಿಯನ್ಸ್ ಸಂಸ್ಥೆ, ಹಿಂದೆ ಸಿಂಹ ಕೊಲ್ಲುವುದನ್ನು ಶೌರ್ಯವೆಂದು ಬಗೆದಿದ್ದ, ದನ ಸಾಕುವ ಮಸಾಯಿ ಸಮುದಾಯದ ಯುವಕರನ್ನೇ ಸಂಬಳ ಕೊಟ್ಟು ಕಾವಲಿಗೆ ನೇಮಿಸಿತು. ಅವರು ಹೆಜ್ಜೆ ಹಿಡಿದು ಸಿಂಹ ಎಲ್ಲಿದೆಯೆಂದು ದನಗಾಹಿಗಳಿಗೆ ಮುಂಚೆಯೇ ತಿಳಿಸುತ್ತಾರೆ, ತಪ್ಪಿಸಿಕೊಂಡ ದನ ಹುಡುಕಿಕೊಡುತ್ತಾರೆ, ದೊಡ್ಡಿಯ ಬೇಲಿ ಬಿಗಿಮಾಡುತ್ತಾರೆ. ಕೆಲವು ವಾರಕ್ಕೆ ಬಂದು ಹೋಗುವ ನಾವು ಅವರ ಜಾಗ ತುಂಬಲಾರೆವು. ಅವರು ತಂದ ಮಾಹಿತಿಯನ್ನು ಪಟ್ಟಿ ಮಾಡಲು, ನಕ್ಷೆಗಿಳಿಸಲು, ಕೆಟ್ಟ ಕ್ಯಾಮೆರಾ ಸರಿಮಾಡಲು ಕೈ ಬೇಕಿದ್ದರೆ ಅಲ್ಲಿ ನಿಮ್ಮ ಅಗತ್ಯವಿದೆ.

ಆರೋಗ್ಯದ ಬಗ್ಗೆ ವೈದ್ಯನಾಗಿ ಎರಡು ಮಾತು. ರೇಬೀಸ್‌ನ ಮುಂಜಾಗ್ರತಾ ಲಸಿಕೆಯನ್ನು ಹೊರಡುವ ಸಾಕಷ್ಟು ಮುಂಚೆ ಹಾಕಿಸಿಕೊಳ್ಳಿ, ನಾಯಿ ಲಸಿಕೆಯ ಅಭಿಯಾನಕ್ಕೆ ಹೋಗುವವರಂತೂ ಬಿಡಲೇಬಾರದು. ಮಲೇರಿಯಾ ಮಾತ್ರೆ ಮತ್ತು ಹಳದಿ ಜ್ವರದ ಪ್ರಮಾಣಪತ್ರ ಬೇಕೇ ಎಂಬುದು ದೇಶದಿಂದ ದೇಶಕ್ಕೆ ಬೇರೆ, ಪ್ರವಾಸಿ ಆರೋಗ್ಯ ಬಲ್ಲ ವೈದ್ಯರನ್ನು ಕೇಳಿ. ದಕ್ಷಿಣ ಆಫ್ರಿಕಾದ ಹುಲ್ಲುಗಾವಲಲ್ಲಿ ನಡೆದು ಬಂದ ಮೇಲೆ ಜ್ವರ, ತಲೆನೋವು, ಮೈಮೇಲೆ ಕಪ್ಪು ಹಕ್ಕಳೆ ಕಟ್ಟಿದ ಸಣ್ಣ ಗಾಯ ಕಂಡರೆ ಅದು ಉಣ್ಣಿ ಹುಳು ಕಡಿತದ ಜ್ವರವಿರಬಹುದು. ಎಲ್ಲಿ ನಡೆದಿದ್ದಿರಿ ಎಂಬುದನ್ನು ವೈದ್ಯರಿಗೆ ನೀವೇ ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಚಿಕಿತ್ಸೆ ಸುಲಭ. ವೀಸಾ ವಿಷಯದಲ್ಲೂ ಅಷ್ಟೆ: ಸಂಬಳವಿಲ್ಲದಿದ್ದರೂ ಸ್ವಯಂಸೇವೆಯನ್ನು ಕೆಲಸವೆಂದೇ ಎಣಿಸುವ ದೇಶಗಳಿವೆ. ‘ಪ್ರವಾಸಿ ಎಂದು ಹೇಳಿ ಬಂದುಬಿಡಿ’ ಎನ್ನುವ ಕೇಂದ್ರಕ್ಕೆ ಹಣ ಕಳಿಸಬೇಡಿ. ತನ್ನ ದೇಶದ ಗಡಿಯಲ್ಲೇ ಸುಳ್ಳು ಹೇಳಿಸುವವರು ಪ್ರಾಣಿಗಳ ದಾಖಲೆಯಲ್ಲಿ ನಿಜ ಬರೆದಿರುತ್ತಾರೆಂದು ನಾನು ನಂಬುವುದಿಲ್ಲ.