ಬೆಣಚುಕಲ್ಲು ಇದ್ದಲ್ಲೆಲ್ಲ ಚಿನ್ನ ಇರುತ್ತಾ?

ಬೆಳ್ಳಗಿನ ಬೆಣಚುಕಲ್ಲು ತಂದು "ಇದರಲ್ಲಿ ಚಿನ್ನ ಇದೆಯಾ ಸಾರ್?" ಅಂತ ಕೇಳುವವರು ನನಗೆ ಆಗಾಗ ಸಿಗುತ್ತಾರೆ. ಹೆಚ್ಚಿನ ಸಲ ಇರುವುದಿಲ್ಲ. ಆದರೂ ಅವರ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಬೆಣಚಿನ ಮೂಲವಸ್ತುವಾದ ಸಿಲಿಕಾ, ಚಿನ್ನ, ಬೆಳ್ಳಿ ಮೂರೂ ನೆಲದಾಳದ ಒಂದೇ ಬಿಸಿನೀರಿನಲ್ಲಿ ಕರಗಿ ಬರುತ್ತವೆ. ನೀರು ಬಿಟ್ಟು ಕೂರುವ ಕಾರಣ ಮಾತ್ರ ಬೇರೆ ಬೇರೆ.

ಸಿಲಿಕಾದ್ದು ಸುಲಭ. 300 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಂದು ಕಿಲೋ ನೀರು ಅರ್ಧ ಗ್ರಾಂಗಿಂತ ಜಾಸ್ತಿ ಸಿಲಿಕಾ ಕರಗಿಸಿಕೊಳ್ಳುತ್ತದೆ. ಬಿರುಕುಗಳಲ್ಲಿ ಮೇಲೇರುತ್ತಾ ನೀರು ತಣ್ಣಗಾದಂತೆ ಅಷ್ಟನ್ನೂ ಹೊರಲು ಆಗುವುದಿಲ್ಲ. ಉಳಿದದ್ದು ಬಿರುಕಿನ ಗೋಡೆಗೆ ಬೆಣಚಾಗಿ ಅಂಟುತ್ತದೆ.

ಚಿನ್ನದ ಕಥೆ ಗಂಧಕದ್ದು. ಇಂಥ ನೀರಿನಲ್ಲಿ ಚಿನ್ನ ಹೆಚ್ಚಾಗಿ ಗಂಧಕದ ಕೈ ಹಿಡಿದೇ ಕರಗಿರುತ್ತದೆ. ಮೇಲೆ ಬಂದಂತೆ ಒತ್ತಡ ಇಳಿದು ನೀರು ಕುದಿಯುತ್ತದೆ. ಆಗ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹಬೆಯ ಜೊತೆ ಹಾರಿಹೋಗುತ್ತದೆ. ಜೊತೆಗಾರ ಹೋದ ಮೇಲೆ ಚಿನ್ನ ನೀರಿನಲ್ಲಿ ನಿಲ್ಲಲ್ಲ, ಅಲ್ಲೇ ಕೂರುತ್ತದೆ.

ನ್ಯೂಜಿಲೆಂಡಿನ ಓಹಾಕಿಯಲ್ಲಿ ಇದು ಕಣ್ಣೆದುರೇ ನಡೆಯಿತು. ಅಲ್ಲಿನ ಭೂಶಾಖದ ಬಾವಿಗಳ ನೀರಿನಲ್ಲಿ ಟನ್‌ಗೆ ಒಂದೆರಡು ಮಿಲಿಗ್ರಾಂ ಚಿನ್ನ ಇತ್ತು, ಅಷ್ಟೇ. ಆದರೆ ಬಾವಿಯ ಬಾಯಲ್ಲಿ ಒತ್ತಡ ಧಡಕ್ಕನೆ ಇಳಿಯುವ ಕಡೆ ಲೋಹದ ತಟ್ಟೆಗಳ ಮೇಲೆ ಕಟ್ಟಿದ ಹಕ್ಕಳೆಯಲ್ಲಿ ಚಿನ್ನ, ಬೆಳ್ಳಿ ಎರಡೂ ಸಿಕ್ಕವು.

ಹಾಗಾಗಿ ಕಲ್ಲಿನಲ್ಲಿ ನಾನು ಹುಡುಕುವುದು ಹೊಳಪನ್ನಲ್ಲ, ನೀರು ಕುದಿದ ಗುರುತನ್ನು. ಹೊಳೆಯುವುದು ಹೆಚ್ಚಾಗಿ ಪೈರೈಟ್, ಅಂದರೆ ಚಿನ್ನದಂತೆ ಕಾಣುವ ಕಬ್ಬಿಣ-ಗಂಧಕದ ಖನಿಜ, ಬಿಡಿ. ಲೆನ್ಸ್ ಹಿಡಿದರೆ ಕೆಲವು ಬೆಣಚಿನಲ್ಲಿ ಬ್ಲೇಡಿನಂಥ ತೆಳು ಹಾಳೆಗಳು ಅಡ್ಡಾದಿಡ್ಡಿ ನಿಂತಿರುತ್ತವೆ. ಅವು ಮೂಲದಲ್ಲಿ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜ. ನೀರು ಕುದಿದು ಇಂಗಾಲದ ಡೈ ಆಕ್ಸೈಡ್ ಹೊರಟಾಗ ಹುಟ್ಟಿದವು. ಆಮೇಲೆ ಬೆಣಚು ಅವುಗಳ ಜಾಗ ಹಿಡಿಯಿತು, ಆಕಾರ ಹಾಗೇ ಉಳಿಯಿತು. ಇದು ಕಂಡರೆ ಚಿನ್ನ ಇದ್ದೇ ಇದೆ ಅಂತಲ್ಲ. ಆದರೆ ಆ ಕಲ್ಲನ್ನು ನಾನು ಲ್ಯಾಬಿಗೆ ಕಳಿಸದೆ ಬಿಡುವುದಿಲ್ಲ.

ಇನ್ನೊಂದು ಗುರುತು ಬಿಳಿಯ ನಡುವಿನ ಕಪ್ಪು ಗೆರೆ. ಜಪಾನಿನ ಹಿಶಿಕಾರಿ ಗಣಿಯಲ್ಲಿ ಅದಕ್ಕೆ ಗಿಂಗುರೋ ಅನ್ನುತ್ತಾರೆ, ಅಂದರೆ ಬೆಳ್ಳಿಗಪ್ಪು. ನೋಡಲು ಮಸಿ ಬಳಿದಂತಿರುತ್ತದೆ. ಚಿನ್ನ, ಬೆಳ್ಳಿ ಕೂತಿರುವುದು ಅಲ್ಲೇ. ಪಕ್ಕದ ಅಚ್ಚಬಿಳಿ ಪಟ್ಟೆ ಬರೀ ಬೆಣಚು ಇರಬಹುದು.

ಕಲ್ಲು ತರುವವರು ಮಾತ್ರ ಕಪ್ಪು ಭಾಗವನ್ನು ಕೊಳೆ ಅಂದುಕೊಂಡು ಚೆನ್ನಾಗಿ ಉಜ್ಜಿ, ತೊಳೆದು, ಬೆಳ್ಳಗಿನ ತುಂಡನ್ನೇ ಆರಿಸಿ ತಂದಿರುತ್ತಾರೆ.